ಮೋರೇರ ಮನಿಯೂ ಟೇಲರ್ ಸಾಹೇಬನ ಓದೂ

ರಂಗಂಪೇಟೆಯ ಮಗ್ಗಲಿಗಿರುವ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿದ್ದ. ಜನ ಅವನನ್ನು ‘ಮಹಾದೇವ ಬಾಬಾ’ ಎಂದರು. ಕಚೇರಿ ಕೆಲಸದ ನಡುವೆಯೇ ಆತ ಸುತ್ತಲಿನ ಶಿಲಾಗೋರಿಗಳನ್ನು ಅಗೆಸಿ, ಅಳೆದು, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಗೆ ಬರೆದ.

ಆ ಬರಹದಲ್ಲಿ ಕಣ್ಣು ಚುರುಕು. ರಾಜನಕೋಳೂರಿನಲ್ಲಿ ಮೂರು ಕಡೆ ಚಪ್ಪಡಿ ನಿಲ್ಲಿಸಿ ಒಂದು ಕಡೆ ತೆರೆದಿಟ್ಟವು ಬೇರೆ, ನಾಲ್ಕೂ ಕಡೆ ಮುಚ್ಚಿ ಒಂದು ಚಪ್ಪಡಿಗೆ ದುಂಡು ಕಿಂಡಿ ಕೊರೆದವು ಬೇರೆ ಎಂದು ಆತ ಗುರುತಿಸುತ್ತಾನೆ. ಜೇವರ್ಗಿಯ ಗೋರಿಗಳಲ್ಲಿ ಎಲುಬು, ಮಡಕೆಗಳ ಜೊತೆ ತುಕ್ಕು ತಿಂದ ಕಬ್ಬಿಣದ ಆಯುಧಗಳೂ ಸಿಕ್ಕವು. ಇಷ್ಟಾದ ಮೇಲೆ ತೀರ್ಮಾನ ಮಾತ್ರ ಕಡಲಾಚೆಗೆ ಓಡುತ್ತದೆ: ಇವು ಕೆಲ್ಟಿಕ್, ಸಿಥಿಯನ್ ಅಥವಾ ಡ್ರುಯಿಡ್ ಅವಶೇಷಗಳಂತೆ! ಕುಳ್ಳ ಮೋರೇರು ಕಟ್ಟಿಕೊಂಡ ಮನಿ ಎಂಬ ಹಳ್ಳಿಯ ಕತೆಯೇ ವಾಸಿ. ಅದು ಕಟ್ಟಿದವರನ್ನು ಊರು ಬಿಡಿಸಲಿಲ್ಲ.

ಕಲ್ಲಿನ ಹೋಲಿಕೆಯಲ್ಲಿ ರಕ್ತಸಂಬಂಧ ಹುಡುಕಿದವನು ಕಬ್ಬಿಣವನ್ನು ನೋಡಿದ್ದರೆ ಬೇರೆ ದಾರಿ ಸಿಗುತ್ತಿತ್ತು. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇದ್ದಿಲು, ತಿದಿಗಳ ಮಣ್ಣಿನ ಕುಲುಮೆ ಅಷ್ಟು ಕಾಯುವುದಿಲ್ಲ. ಕಿಟ್ಟ ಹರಿದುಹೋಗಿ, ಉಳಿದ ತೂತುತೂತಾದ ಮುದ್ದೆಯನ್ನು ಕೆಂಪಗಿರುವಾಗಲೇ ಬಡಿಬಡಿದು ಕಸ ಹೊರಹಾಕಬೇಕು. ಟೇಲರ್‌ನ ಪೂರ್ವಿಕರ ನಾಡಿನ ಆಂಗ್ಲೋ-ಸ್ಯಾಕ್ಸನ್ ಕಮ್ಮಾರನೂ ಹೀಗೆಯೇ ದುಡಿದ. ಅದಿರಿನ ಗುಣವೇ ಇಲ್ಲಿಯವನಿಗೂ ಅಲ್ಲಿಯವನಿಗೂ ಇದನ್ನು ಕಲಿಸಿತು, ನೆಂಟಸ್ತನ ಬೇಕಿರಲಿಲ್ಲ.

1939ರಲ್ಲಿ ಇಂಗ್ಲೆಂಡಿನ ಸಟನ್ ಹೂನಲ್ಲಿ ಏಳನೇ ಶತಮಾನದ ಆಂಗ್ಲೋ-ಸ್ಯಾಕ್ಸನ್ ಹಡಗುಗೋರಿ ಅಗೆದಾಗ ಮರವೆಲ್ಲ ಕೊಳೆತು, ಮರಳಿನಲ್ಲಿ ಕಬ್ಬಿಣದ ಮೊಳೆಗಳ ಸಾಲಷ್ಟೇ ಉಳಿದಿತ್ತು. ಆ ಸಾಲಿನಿಂದಲೇ ಹಡಗಿನ ಆಕಾರ ತಿಳಿಯಿತು. ಅಲ್ಲಿಯ ಖಡ್ಗದಲ್ಲಿ ಕಬ್ಬಿಣದ ಸರಳುಗಳನ್ನು ತಿರುಚಿ, ಒಂದಾಗಿ ಬೆಸೆದ ಕೈಚಳಕವನ್ನು ಎಕ್ಸ್‌ರೇ ತೋರಿಸಿತು. ಆ ಕಾಲದ ಯುರೋಪಿನ ಚಿನ್ನದೊಡವೆಗಳಿಗೆ ಕೂರಿಸಿದ ಕೆಂಪು ಗಾರ್ನೆಟ್ ಹರಳುಗಳಲ್ಲಿ ಹಲವು ಭಾರತ, ಶ್ರೀಲಂಕಾಗಳಿಂದ ಹೋದವು. ಟೇಲರ್ ಊಹಿಸಿದ ಪಯಣಕ್ಕೆ ಇದು ತಿರುವುಮುರುವು.

ನಮ್ಮ ಕಡೆ ಹಳ್ಳೂರಿನ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿನದೆಂದು ಕಾರ್ಬನ್ ಪರೀಕ್ಷೆ ಹೇಳಿದ್ದು 1965ರ ಉತ್ಖನನದ ನಂತರ. ಟೇಲರ್‌ನ ಕಾಲಕ್ಕೆ ಆ ಪರೀಕ್ಷೆ ಇರಲಿಲ್ಲ, ಒಪ್ಪೋಣ. ಆದರೆ ಜೇವರ್ಗಿಯ ಆ ಆಯುಧ ಬಡಿದವನ ಕುಲುಮೆ ಎಲ್ಲಿತ್ತು ಎಂದು ಕೇಳಲು, ಸುತ್ತಲ ಹೊಲದಲ್ಲಿ ಕಿಟ್ಟ ಬಿದ್ದಿದೆಯೇ ಎಂದು ನೋಡಲು, ಯಾವ ಪರೀಕ್ಷೆಯೂ ಬೇಕಿರಲಿಲ್ಲ.