ಬೇರಿಗೆ ತಕ್ಕ ರೂಪ

ಪುತ್ತೂರು, ಸುಳ್ಯ, ಕಡಬದ ಕಡೆ ಮನೆ ದೊಡ್ಡದು ಮಾಡುವಾಗಲೋ ಅಡಿಕೆ ಒಣಗಿಸುವ ಅಂಗಳ ಅಗಲಿಸುವಾಗಲೋ ಹಿತ್ತಿಲಿನ ಪೇರಳೆ ಮರ ಅಡ್ಡ ಬರುವುದುಂಟು. ಬುಡ ಕಡಿದರೂ ಬೇರು ಬೇಗ ಸಾಯುವುದಿಲ್ಲ. ಅದು ಕೂಡಿಟ್ಟ ಆಹಾರದ ಬಲದಿಂದ ಮಳೆ ಬಿದ್ದೊಡನೆ ಅಲ್ಲಲ್ಲಿ ಸಸಿಗಳು ಏಳುತ್ತವೆ. ಇವನ್ನು ಚಟ್ಟಿಗೆ ತಂದು ಬೋನ್ಸಾಯ್ ಮಾಡುವ ಹವ್ಯಾಸ ಮೆಚ್ಚತಕ್ಕದ್ದೇ. ಆದರೆ ಕಡಿದ ಮರದ ಪುಟ್ಟ ಪ್ರತಿರೂಪವನ್ನು ಇವುಗಳಿಂದ ತೆಗೆಯಲು ಹೊರಟಲ್ಲಿಂದಲೇ ಸೋಲು ಶುರುವಾಗುತ್ತದೆ.

ಕಾರಣ ಸಸಿಯ ಹುಟ್ಟಿನಲ್ಲಿದೆ. ಬೋನ್ಸಾಯ್‌ಗೆ ಬುಡ ದಪ್ಪವಿದ್ದು ಮೇಲೆ ಹೋದಂತೆ ಸಪೂರವಾಗುವ ಕಾಂಡ ಬೇಕು, ಸುತ್ತಲೂ ಹರಡಿ ಮಣ್ಣು ಹಿಡಿದ ಬೇರು ಬೇಕು. ಬೇರಿನಿಂದ ಎದ್ದ ಸಸಿ ಕೋಲಿನಂತೆ ನೆಟ್ಟಗೆ ಏರುತ್ತದೆ. ಅದನ್ನು ಸಾಕುವುದು ಅಡ್ಡ ಮಲಗಿದ ತಾಯಿಬೇರು. ಸ್ವಂತ ಬೇರು ಕಡಿಮೆ. ಸಸಿಯನ್ನಷ್ಟೇ ಕಿತ್ತು ತಂದವರು ತಂತಿ ಸುತ್ತಿ ಕಾಂಡ ಬಗ್ಗಿಸಿಯಾರು, ಬುಡದ ಕೊರತೆ ತುಂಬಲು ವರ್ಷಗಳೇ ಹಿಡಿಯುತ್ತವೆ.

ಈ ಹುಟ್ಟಿಗೆ ಒಪ್ಪುವ ಶೈಲಿ ಜಪಾನಿನ ಪರಂಪರೆಯಲ್ಲಿದೆ: ನೆತ್ಸುರಾನಾರಿ. ಬೇರು ಒಂದು, ಅದರ ಮೇಲೆ ಕಾಂಡ ಹಲವು. ದಪ್ಪ ಪೇರಳೆ ಬೇರನ್ನು ಮೂರೋ ಐದೋ ಸಸಿಗಳ ಸಮೇತ ಎತ್ತಿದರೆ ಬೇರಿನ ಅಂಕುಡೊಂಕೇ ಕೃತಿಯ ಚೆಲುವಾಗುತ್ತದೆ. ಒಂಟಿಯಾಗಿ ಬಡವಾಗಿ ಕಂಡ ನೇರ ಕಾಂಡಗಳು ಒಟ್ಟಿಗೆ ನಿಂತಾಗ ತೋಪಾಗಿ ಕಾಣುತ್ತವೆ. ಪದರ ಕಳಚಿ ನುಣುಪಾಗುವ ಪೇರಳೆ ತೊಗಟೆ ಚಟ್ಟಿಯಲ್ಲೂ ಸೊಗಸು. ಚಿವುಟುತ್ತಾ ಬಂದಂತೆ ಎಲೆ ಸಣ್ಣದಾಗುತ್ತದೆ, ಹಣ್ಣು ಮಾತ್ರ ಅಷ್ಟಾಗಿ ಕಿರಿದಾಗದು.

ಎತ್ತುವುದಕ್ಕೆ ತಾಳ್ಮೆ ಬೇಕು. ಮುಂಗಾರಿನ ಆರಂಭದಲ್ಲಿ ತಾಯಿಬೇರನ್ನು ಒಂದು ಬದಿ ಕಡಿದು ಅಲ್ಲೇ ಬಿಡಬೇಕು. ಮಳೆಗಾಲದಲ್ಲಿ ಎಳೆಬೇರು ಬಂದ ಮೇಲೆ, ಸೋಣ ಕಳೆದು ಮಳೆ ತಗ್ಗಿದಾಗ ಇನ್ನೊಂದು ಬದಿ ಕಡಿದು ಎತ್ತಬೇಕು. ಮುಂದಿನ ಆಟಿಯ ಜಡಿಮಳೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ. ಮುರಕಲ್ಲಿನ ಹರಳು, ದಪ್ಪ ಹೊಯ್ಗೆ ಬೆರೆಸಿ ನೀರು ಬಸಿಯುವಂತೆ ಮಾಡಿದರೆ ಗಿಡ ಉಳಿಯುತ್ತದೆ.

ಬೇರಿನಲ್ಲಿ ಸಸಿ ಬರುವ ಮರಗಳೆಲ್ಲ ಚಟ್ಟಿಗೆ ಒಗ್ಗುವುದಿಲ್ಲ. ಬೀಜವಿಲ್ಲದ ಜೀಗುಜ್ಜೆಯನ್ನು ನಮ್ಮವರು ಬೇರಿನ ಸಸಿಯಿಂದಲೇ ಬೆಳೆಸುತ್ತಾ ಬಂದಿದ್ದಾರೆ. ಆದರೆ ಅದರ ಅಗಲವಾದ ಸೀಳೆಲೆ ಎಷ್ಟು ಕುಗ್ಗಿದರೂ ಪುಟ್ಟ ಮರದ ಅಳತೆಗೆ ಕೂರದು; ಅದನ್ನು ನೆಲದಲ್ಲೇ ಬೆಳೆಸಬೇಕು. ಕಸಿ ಮರವಾದರೆ ಬೇರಿನಿಂದ ಬರುವುದು ಅಡಿಗಿಡದ ತಳಿ, ಮೇಲಿನ ಹಣ್ಣಿನ ತಳಿಯಲ್ಲ. 1986ರಿಂದ ಗೇರು ಸಂಶೋಧನಾ ಸಂಸ್ಥೆಯಿರುವ, ಕಸಿಗಿಡ ಮನೆಮಾತಾದ ಪುತ್ತೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಮರವನ್ನೂ ಬೇರನ್ನೂ ನೋಡಿ ಆಯ್ದರೆ ಇದು ನಿಜಕ್ಕೂ ಒಳ್ಳೆಯ ಕಲೆ. ಆದರೆ ಅಂಗಳದ ನೆರಳನ್ನೂ ಬಾವಲಿ, ಹಕ್ಕಿಗಳ ಪಾಲಿನ ಹಣ್ಣನ್ನೂ ಚಟ್ಟಿ ಕೊಡಲಾರದು. ಒಂದು ಬೇರನ್ನು ಎತ್ತಿದವರು ಉಳಿದ ಸಸಿಗಳಲ್ಲಿ ಬಲವಾದದ್ದೊಂದನ್ನು ತೋಟದ ಅಂಚಿಗೆ ನೆಡಬೇಕು. ಅಷ್ಟು ಮಾಡಿದರೆ ಮಾತ್ರ ಮರವನ್ನು ಉಳಿಸಿಕೊಂಡೆವು ಎಂಬ ಮಾತು ನಿಜವಾಗುತ್ತದೆ.