ಚಾಮರಾಜೇಶ್ವರನ ಗುಡಿ ಮತ್ತು ತೇರು

ಅರಿಕುಠಾರವೆಂಬ ಊರು 1818ರಲ್ಲಿ ಚಾಮರಾಜನಗರವಾದುದಕ್ಕೆ, ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು ಹುಟ್ಟಿದ ನೆಲ ಅದೆಂಬುದೇ ಕಾರಣ. 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದಲ್ಲಿ ಶಿವನಿಗೆ ತಂದೆಯ ಹೆಸರನ್ನೂ ದೇವಿಗೆ ತಾಯಿಯ ನೆನಪಿನ ಕೆಂಪನಂಜಾಂಬೆಯೆಂಬ ಹೆಸರನ್ನೂ ಅರಸರು ಇರಿಸಿದರು; ಸಮೀಪದ ಜನನ ಮಂಟಪವೂ ಅದೇ ಪಿತೃಭಕ್ತಿಯ ಕುರುಹು.

ಇಂಥ ಕಟ್ಟಡಗಳ ಜೀವಾಳ ಗಾರೆ, ಎಂದರೆ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ, ನುಣ್ಣಗೆ ಅರೆದು ಸಿದ್ಧಗೊಳಿಸುವ ಲೇಪ. ಇದು ಗೋಡೆಯೊಳಗಿನ ತೇವವನ್ನು ಮೆಲ್ಲನೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗತೊಡಗುವುದರಿಂದ, ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವ ಅವಸರದ ದುರಸ್ತಿ ಅನೇಕ ವೇಳೆ ಶಿಥಿಲತೆಗಿಂತ ಹೆಚ್ಚಿನ ಹಾನಿ ಮಾಡುತ್ತದೆ. (ಹೊಳೆಯುವ ಎನಾಮಲ್ ಬಣ್ಣದ ಮೋಹವೂ ಅಷ್ಟೇ ಅಪಾಯಕಾರಿ.)

ಆದರೆ ಊರಿನ ಅಭಿಮಾನ ಕೆರಳಿದ್ದು ಕಲ್ಲಿಗಿಂತ ಮರದ ವಿಷಯದಲ್ಲಿ. ನವದಂಪತಿಗಳು ಹಣ್ಣು ಜವನ ಎಸೆದು ಹರಸಿಕೊಳ್ಳುವ ಆಷಾಢದ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿದಾಗ ಉತ್ಸವವೇ ನಿಂತಿತು. ಹೊಸ ರಥ ಸಿದ್ಧವಾಗಿ, 2022ರಲ್ಲಿ ಅದನ್ನು ಮತ್ತೆ ಎಳೆಯುವವರೆಗೆ ಊರು ಕಾಯಬೇಕಾಯಿತು. ಮದುವೆಯಾದ ಜೋಡಿಗಳನ್ನು ಆಷಾಢದಲ್ಲಿ ಅಗಲಿಸುವ ರೂಢಿಯ ನಾಡಿನಲ್ಲಿ, ಅವರನ್ನೇ ಒಟ್ಟಿಗೆ ಕರೆತರುವ ಈ ಜಾತ್ರೆ, ಗುಂಡ್ಲುಪೇಟೆಯ ಮೂಲಕ ನೇರ ಬಂಡೀಪುರಕ್ಕೆ ಧಾವಿಸುವ ಪ್ರವಾಸಿಗನನ್ನು ಒಂದು ದಿನ ತಡೆದು ನಿಲ್ಲಿಸಲು ಸಾಕಾದ ಆಕರ್ಷಣೆ.