ಕೊಟ್ಟ ಹೆಣ್ಣುಮಕ್ಕಳನ್ನು ಕೇಳಿ

ಮನೆತನದ ಚರಿತ್ರೆ ಹುಡುಕುವ ಗೀಳು ಹತ್ತಿದವರು ಮೊದಲು ಎಡತಾಕುವುದು ನಾಡಕಚೇರಿಗೆ. ಅಲ್ಲಿ ಸಿಗುವ ವಂಶವೃಕ್ಷ ಬಹುಮಟ್ಟಿಗೆ ಆಸ್ತಿ ಪಾಲಿಗೆಂದೇ ಹುಟ್ಟಿದ ಕಾಗದ. ಹಳೆಯ ಪಹಣಿ, ಮ್ಯುಟೇಶನ್‌ಗಳೂ ಅಷ್ಟೇ. ಜಮೀನು ಯಾರಿಂದ ಯಾರಿಗೆ ಬಂತೆಂದು ಚೆನ್ನಾಗಿ ಹೇಳುತ್ತವೆ. ಪಾಲಿಲ್ಲದೆ ಮದುವೆಯಾಗಿ ಹೋದವಳ ಗೊಡವೆ ಅವಕ್ಕಿಲ್ಲ.

ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಊರಿಗೆ ಬರುತ್ತಿದ್ದ ಹೆಳವರು ಕಚೇರಿಗಿಂತ ರಸಿಕರು. ಮೂಲಪುರುಷನಿಂದ ಹಿಡಿದು ವಂಶವನ್ನು ಹಾಡಿ, ಯಾವ ಸೀಮೆಯಿಂದ ಎದ್ದು ಬಂದವರೆಂದು ತಿಳಿಸಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಮುಂದಿನೂರಿಗೆ ಹೋಗುವವರು. ನಿಮ್ಮ ಮನೆತನಕ್ಕೆ ಹೆಳವರಿದ್ದರೆ ಅವರ ಪುಸ್ತಕ ಬಿಚ್ಚಿಸದೆ ಬಿಡಬೇಡಿ. ಆದರೆ ಅಲ್ಲೂ ಸಾಲು ಹೆಚ್ಚಾಗಿ ಗಂಡುಮಕ್ಕಳದೇ.

ಆದ್ದರಿಂದ ಸೋದರತ್ತೆಯ ಮನೆಗೆ, ಅಜ್ಜನ ತಂಗಿಯ ಮನೆಗೆ ಹೋಗಿ. ಎಳೆಯ ವಯಸ್ಸಿಗೇ ತವರು ಬಿಟ್ಟವರಿಗೆ ಆ ಮನೆ ಬಿಟ್ಟ ದಿನ ಇದ್ದಂತೆಯೇ ನೆನಪಿರುತ್ತದೆ. ಅಲ್ಲೇ ಉಳಿದ ಗಂಡಸರ ನೆನಪಿನ ಮೇಲೆ ಆಮೇಲಿನ ಪಾಲು, ವ್ಯಾಜ್ಯಗಳ ಸುಣ್ಣ ಬಳಿದಿರುತ್ತದೆ.

ಇಸವಿ ಕೇಳಬೇಡಿ. “ಅತ್ತೆ, ಗಾಂಧೀಜಿ ಸತ್ತಾಗ ನೀವು ಶಾಲೆಗೆ ಹೋಗ್ತಿದ್ರಾ?” ಎಂದರೆ 1948 ತಾನಾಗಿ ಸಿಗುತ್ತದೆ. “ಪ್ಲೇಗಿಗೆ ಊರು ಬಿಟ್ಟು ಗುಡಿಸಲು ಹಾಕಿದ್ದ ಕಾಲದಲ್ಲಿ ಹುಟ್ಟಿದವರು ಯಾರು?” ಎಂದರೆ ಇನ್ನೂ ಹಿಂದಿನ ತಲೆಮಾರು ತೆರೆದುಕೊಳ್ಳುತ್ತದೆ. ಜಾತಕದ ಸಂವತ್ಸರವನ್ನು ಮಾತ್ರ ಎಚ್ಚರದಿಂದ ಓದಿ. ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಧಾತು ಎಂದಿದ್ದರೆ ಮಹಾಕ್ಷಾಮ ಶುರುವಾದ 1876 ಇರಬಹುದು, 1936 ಕೂಡ ಇರಬಹುದು. ಆ ಗಂಟು ಬಿಡಿಸಲು ಮತ್ತೆ ಬಾಯಿಮಾತೇ ಬೇಕು.

ಸಾಧ್ಯವಾದರೆ ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿ, ಹಳೆಯ ಫೋಟೊ ಮುಂದಿಡಿ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು “ಸುಮ್ನಿರೇ, ಅದು ಹಂಗಲ್ಲ” ಎಂದು ಬಾಯಿ ಹಾಕಿದಾಗ ನಿಜವಾದ ಸರಕು ಹೊರಬೀಳುತ್ತದೆ: ಯಾರಿಗೆ ಎರಡನೇ ಸಂಬಂಧವಾಯಿತು, ಯಾವ ಕೂಸು ಉಳಿಯಲಿಲ್ಲ, ಯಾರನ್ನು ದತ್ತು ಕೊಟ್ಟರು. ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತೀರ್ಪು ಕೊಡುವ ಉಸಾಬರಿ ಬೇಡ. ಇಬ್ಬರ ಮಾತನ್ನೂ ಹೆಸರು, ತಾರೀಖು ಸಮೇತ ಬರೆದಿಡಿ. ಫೋಟೊಗೆ ಲ್ಯಾಮಿನೇಶನ್ ಮಾಡಿಸಬೇಡಿ. ಸ್ಕ್ಯಾನ್ ಮಾಡಿ, ಬೆನ್ನಿಗೆ ಮೆದು ಪೆನ್ಸಿಲಿನಿಂದ ಹಗುರವಾಗಿ ಹೆಸರು ಬರೆಯಿರಿ.

ಕೊನೆಗೆ ವೃಕ್ಷ ಬರೆಯುವಾಗ ಹೆಣ್ಣುಮಕ್ಕಳ ಕವಲನ್ನೂ ಅವರ ಮೊಮ್ಮಕ್ಕಳವರೆಗೆ ಎಳೆಯಿರಿ. ಹಾಳೆ ಸಾಲದಿದ್ದರೆ ಇನ್ನೊಂದು ಜೋಡಿಸಿ. ಮೊದಲ ಪ್ರತಿ ಆ ಅತ್ತೆಯ ಮನೆಗೇ ಹೋಗಲಿ. ತಿದ್ದುವ ಹಕ್ಕು ಅವರದು.